ಭಿಕ್ಷೆ ಬೇಡುವವರ ಮಠದಲ್ಲಿ ಸಾಹುಕಾರನ ಕೋಣೆ

ಇಟಲಿಯ ಫ್ಲಾರೆನ್ಸಿನ ದೊಡ್ಡ ಗುಮ್ಮಟ, ಉಫಿಜಿ ಚಿತ್ರಶಾಲೆ, ಹಳೇ ಸೇತುವೆ ಎಲ್ಲಾ ನೋಡಿದೆವು. ಅವುಗಳ ಬಗ್ಗೆ ಸಾವಿರ ಜನ ಬರೆದಿದ್ದಾರೆ, ಬಿಡಿ. ನನ್ನ ತಲೆಯಲ್ಲಿ ಕೂತಿದ್ದು ಸಾನ್ ಮಾರ್ಕೊ ಮಠ. ಈಗ ಅದು ಮ್ಯೂಸಿಯಂ. ಹೋಗುವುದಾದರೆ ಬೆಳಗ್ಗೆಯೇ ಹೋಗಿ, ಟಿಕೆಟನ್ನು ಬಾಗಿಲಲ್ಲೇ ತಗೊಳ್ಳಿ. ಸೇವಾ ಶುಲ್ಕ ಅಂತ ಯಾವುದೋ ವೆಬ್‌ಸೈಟು ನಮ್ಮಿಂದ ಟಿಕೆಟ್ಟಿನಷ್ಟೇ ದುಡ್ಡು ಮತ್ತೆ ಕಿತ್ತುಕೊಂಡಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಹಡಿ ಹತ್ತಿದ ಕೂಡಲೇ ಎದುರಿಗೇ ಫ್ರಾ ಆಂಜೆಲಿಕೊ ಬರೆದ ಚಿತ್ರ. ಯೇಸು ಹುಟ್ಟುತ್ತಾನೆ ಅಂತ ದೇವದೂತ ಮೇರಿಗೆ ಸುದ್ದಿ ಹೇಳುತ್ತಿದ್ದಾನೆ. ಬರೆದವನೂ ಈ ಮಠದವರದೇ ಆದ, ಭಿಕ್ಷೆ ಬೇಡುವ ಡೊಮಿನಿಕನ್ ಎಂಬ ಕ್ರೈಸ್ತ ಪಂಗಡದ ಸನ್ಯಾಸಿ. ಉಫಿಜಿಯ ಚಿನ್ನ ಬಳಿದ ಪಟಗಳನ್ನೆಲ್ಲ ಇದರ ಮುಂದೆ ನಿವಾಳಿಸಿ ಎಸೆಯಬೇಕು. ಅಲ್ಲಿಂದ ಪುಟ್ಟ ಪುಟ್ಟ ಕೋಣೆಗಳ ಸಾಲು. ಒಬ್ಬೊಬ್ಬರಿಗೆ ಒಂದು ಕೋಣೆ, ಗೋಡೆಗೆ ಒಂದು ಚಿತ್ರ. ಆದರೆ ಒಂದು ಸಾಲಿನ ತುದಿಯಲ್ಲಿ ಎರಡು ಕೋಣೆ ಸೇರಿಸಿ ಒಬ್ಬನಿಗೇ ಕೊಟ್ಟಿದ್ದಾರೆ. ಅವನು ಸನ್ಯಾಸಿಯೇ ಅಲ್ಲ, ಬ್ಯಾಂಕು ನಡೆಸುತ್ತಿದ್ದ ಕೊಸಿಮೊ ದೆ ಮೆದಿಚಿ! ಅವನ ಗೋಡೆಯ ಮೇಲೆ ಮಗು ಯೇಸುವಿಗೆ ಉಡುಗೊರೆ ಹೊತ್ತು ತಂದ ರಾಜರು.

1436ರಲ್ಲಿ ಪೋಪ್ 4ನೇ ಯೂಜಿನಿಯಸ್ ಇಲ್ಲಿದ್ದ ಸಿಲ್ವೆಸ್ಟ್ರೈನ್ ಎಂಬ ಇನ್ನೊಂದು ಪಂಗಡದ ಸನ್ಯಾಸಿಗಳನ್ನು ಎಬ್ಬಿಸಿ, ಹಳೇ ಕಟ್ಟುನಿಟ್ಟು ಮತ್ತೆ ಬರಬೇಕು ಅನ್ನುತ್ತಿದ್ದ ಡೊಮಿನಿಕನ್ನರಿಗೆ ಜಾಗ ಕೊಟ್ಟ. ಆಗ ಚರ್ಚಿನ ಲೆಕ್ಕದಲ್ಲಿ ಬಡ್ಡಿ ಪಾಪ, ಕೊಸಿಮೊಗೆ ಆ ಪಾಪದ ಹೆದರಿಕೆ. 10,000 ಫ್ಲಾರಿನ್ (ಅಲ್ಲಿಯ ಚಿನ್ನದ ನಾಣ್ಯ) ಇಲ್ಲಿಗೆ ಹಾಕು ಅಂತ ಪೋಪ್ ಹೇಳಿದ, ಖರ್ಚು 40,000 ದಾಟಿತು ಅಂತ ಆ ಕಾಲದ ಪುಸ್ತಕ ವ್ಯಾಪಾರಿಯೊಬ್ಬ ಬರೆದಿಟ್ಟಿದ್ದಾನೆ.

ನನ್ನ ಸೋದರಮಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಚಿತ್ರ ಬಿಟ್ಟು ಅವರು ಕೇಳಿದ್ದೇ ಬೇರೆ.

"ಅದಿರ್ಲಿ, ಖಾತೆ ಯಾರ ಹೆಸರಲ್ಲಿತ್ತೋ?"

"ಮಠದ ಕಟ್ಟಡ ಇಟ್ಕೋಬಹುದಿತ್ತು ಮಾವ. ಆದಾಯ ಬರೋ ಜಮೀನು, ಬಾಡಿಗೆ ಮನೆ ಬೇಡ ಅಂತ ಡೊಮಿನಿಕನ್ನರು 1220ರಲ್ಲೇ ತೀರ್ಮಾನ ಮಾಡ್ಕೊಂಡಿದ್ರು."

"ಊಟಕ್ಕೆ?"

"ಭಿಕ್ಷೆ. ಸಾಲದಿದ್ರೆ ಕೊಸಿಮೊ."

"ಅಂದ್ರೆ ಜಮೀನು ಬೇಡ, ಜಮೀನ್ದಾರ ಬೇಕು!"

ಭಿಕ್ಷೆ ಬೇಡುವ ಇನ್ನೊಂದು ಪಂಗಡ ಫ್ರಾನ್ಸಿಸ್ಕನ್ನರದ್ದು ಇನ್ನೂ ಮಜಾ ಇದೆ ಅಂದೆ. ಅವರು ಪಂಗಡದ ಹೆಸರಲ್ಲೂ ಏನೂ ಬೇಡ ಅಂದವರು. ಬಳಸುವುದು ಇವರು, ಒಡೆತನ ಪೋಪ್‌ನದು. 1322ರಲ್ಲಿ 22ನೇ ಜಾನ್ ಎಂಬ ಪೋಪ್, ತಿಂದು ಖಾಲಿ ಮಾಡುವ ಅನ್ನಕ್ಕೂ ನಾನೇ ಒಡೆಯ ಅಂದರೆ ಏನರ್ಥ ಅಂತ ಆ ಏರ್ಪಾಟನ್ನೇ ಕಿತ್ತುಹಾಕಿದ.

"ಬೇನಾಮಿ ಕಣೋ ಅದು!" ಅಂತ ಮಾವ ಎಷ್ಟು ಜೋರಾಗಿ ನಕ್ಕರು ಅಂದರೆ ಕಾವಲಿನ ಹೆಂಗಸು ಬಂದು ಬಾಯಿಗೆ ಬೆರಳಿಟ್ಟು ತೋರಿಸಿದಳು.

ನನಗೇನೋ ಇವರನ್ನು ಸುಮ್ನೆ ಢೋಂಗಿಗಳು ಅನ್ನಲು ಮನಸ್ಸು ಬರಲಿಲ್ಲ. ಭಿಕ್ಷೆಯಲ್ಲೇ ಮಠ ನಡೆಸೋದು ಕಷ್ಟ, ಅಲ್ವಾ? 1455ರಲ್ಲಿ ಆಸ್ತಿ ಇಟ್ಟುಕೊಳ್ಳಲು ಈ ಮಠಕ್ಕೆ ಪೋಪ್‌ನ ಅನುಮತಿ ಸಿಕ್ಕಿತು. 1475ರಲ್ಲಿ ಇಡೀ ಪಂಗಡಕ್ಕೇ ಸಿಕ್ಕಿತು. ಆಮೇಲೆ 1491ರಲ್ಲಿ ಇಲ್ಲಿ ಮಠಾಧಿಪತಿಯಾದ ಸವನರೋಲಾ ಆ ಆಸ್ತಿಯನ್ನು ಮಾರಿಸಿ ಮತ್ತೆ ಬಡತನ ತಂದ. ಅವನನ್ನು 1498ರಲ್ಲಿ ಊರ ಚೌಕದಲ್ಲೇ ನೇಣು ಹಾಕಿ ಸುಟ್ಟರು, ಅದು ರಾಜಕೀಯದ ಕಥೆ.

ಅವನ ಕೋಣೆಗಳು ಇನ್ನೊಂದು ಸಾಲಿನ ತುದಿಯಲ್ಲಿವೆ. ಮಾವ ಒಳಗೆ ಇಣುಕಿ ಎಣಿಸಿದರು.

"ಲೋ, ಇವನಿಗೂ ಒಂದಕ್ಕಿಂತ ಜಾಸ್ತಿ ಇದೆಯಲ್ಲೋ!"

"ಮಠಾಧಿಪತಿ ಅಲ್ವಾ ಮಾವ."

"ಹೂಂ, ಕ್ವಾರ್ಟರ್ಸ್ ಅನ್ನು."