ಇಷ್ಟೊಂದು ಎಡಿಟರ್ ಯಾಕ ತೆಗೆದಿಟ್ಟೀರಿ ಸರ?

ಪ್ರಶ್ನೆ ಹೀಗೆ ಬರುತ್ತದೆ: "ಒಂದೇ ಎಡಿಟರ್ ತೆರೆದಿಟ್ಟು ಎಲ್ಲಾ ಫೈಲು ಅದರೊಳಗೇ ನೋಡಬಾರದಾ? ಇಷ್ಟೊಂದು ಯಾಕೆ?" ಕೇಳುವವರು ನನ್ನ ಬೆನ್ನ ಹಿಂದೆ ನಿಂತಿರುತ್ತಾರೆ. ಪರದೆ ಮೇಲೆ ನಾಲ್ಕೈದು ಟರ್ಮಿನಲ್ (ಟೈಪ್ ಮಾಡಿ ಆಜ್ಞೆ ಕೊಡುವ ಕಿಟಕಿ), ಒಂದೊಂದರಲ್ಲೂ ಒಂದೊಂದು ವಿಮ್, ಅಂದರೆ ಫೈಲು ತಿದ್ದುವ ಎಡಿಟರ್. ಎಲ್ಲಾ ಕೋಣೆಯ ಫ್ಯಾನು ಹಚ್ಚಿಟ್ಟು ಹೊರಗೆ ಬಂದವನಿಗೆ ಅವ್ವ ಬೈಯುತ್ತಾಳಲ್ಲ, ಆ ದನಿ.

ನಾನು ಕಲಬುರಗಿಯಲ್ಲಿ ಅಂಗಡಿ, ಮಿಲ್ಲುಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವವನು. ಈ ಪ್ರಶ್ನೆಗೆ ಬಾಯಿಂದ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಸುಮ್ನೆ ಇದರ ಲಿಂಕ್ ಕಳಿಸುತ್ತೇನೆ.

ಮೊದಲು ಮೆಮೊರಿ. "ರ‍್ಯಾಮ್ ತುಂಬಂಗಿಲ್ಲೇನ್ರಿ?" ತುಂಬುವುದಿಲ್ಲ. ಒಂದು ವಿಮ್‌ಗೆ ಬೇಕಾಗುವುದು ಕೆಲವೇ ಎಂಬಿ. ಎರಡನೆಯದು ತೆರೆದಾಗ ಪ್ರೋಗ್ರಾಮಿನ ಕೋಡು ಮತ್ತೊಮ್ಮೆ ಮೆಮೊರಿಗೆ ಬರುವುದೂ ಇಲ್ಲ. ಮೊದಲೇ ಬಂದು ಕೂತಿದ್ದನ್ನೇ ಲಿನಕ್ಸ್ (ಆಪರೇಟಿಂಗ್ ಸಿಸ್ಟಮ್) ಎರಡಕ್ಕೂ ಕೊಡುತ್ತದೆ. ನೀವು ಬ್ರೌಸರ್‌ನಲ್ಲಿ ತೆರೆದು ಮರೆತ ಒಂದು ಟ್ಯಾಬು ನನ್ನ ಎಲ್ಲಾ ವಿಮ್‌ಗಳಿಗಿಂತ ಜಾಸ್ತಿ ನುಂಗಿರುತ್ತದೆ. ಅದನ್ನು ಮಾತ್ರ ಯಾರೂ ಕೇಳಲ್ಲ.

ಸ್ವಲ್ಪ ಓದಿಕೊಂಡವರು ಇನ್ನೊಂದು ಬಾಣ ಬಿಡುತ್ತಾರೆ: "ಈಮ್ಯಾಕ್ಸ್‌ನವರು ಒಂದೇ ತೆರೆದಿಡ್ತಾರಲ್ಲ?" ಈಮ್ಯಾಕ್ಸ್ ಅಂದರೆ ಇನ್ನೊಂದು ಎಡಿಟರ್. ಹೌದು, ಇಡ್ತಾರೆ. ಅದಕ್ಕೊಂದು ಕಾರಣ ಇದೆ. ಈಮ್ಯಾಕ್ಸ್ ಮತ್ತು ವಿಮ್‌ನ ಮೂಲವಾದ ವಿಐ, ಎರಡೂ 1976ರ ಕೂಸುಗಳು. ಬಿಲ್ ಜಾಯ್ ವಿಐ ಬರೆದಿದ್ದು 300 ಬಾಡ್ ಮೋಡೆಮ್ ಮೇಲೆ. ಅಕ್ಷರ ಮೂಡುವುದಕ್ಕೇ ಕಾಯಬೇಕಾದ ಲೈನು ಅದು. ಹಾಗಾಗಿ ಎಲ್ಲವೂ ಚಿಕ್ಕದು: ತೆರೆ, ತಿದ್ದು, ಮುಚ್ಚು. ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ಹೊರತಂದಾಗಲೂ ಈ ಸ್ವಭಾವ ಉಳಿಯಿತು. ಈಮ್ಯಾಕ್ಸ್ ಹಾಗಲ್ಲ. ಇ-ಮೇಲು, ಕ್ಯಾಲೆಂಡರು ಎಲ್ಲಾ ಅದರೊಳಗೇ. ಎಂಟು ಮೆಗಾಬೈಟ್ ದೊಡ್ಡದಾಗಿದ್ದ ಕಾಲದಲ್ಲಿ, ಈಮ್ಯಾಕ್ಸ್ ಅಂದರೆ "ಎಂಟು ಮೆಗಾಬೈಟ್ ತಿಂದು ಸದಾ ಸ್ವಾಪ್ ಮಾಡುವುದು" (ಅಂದರೆ ಮೆಮೊರಿ ಸಾಲದೆ ಡಿಸ್ಕಿಗೆ ಓಡಾಡುವುದು) ಅಂತ ಇಂಗ್ಲಿಷ್ ಹೆಸರಿನ ಅಕ್ಷರ ಬಿಡಿಸಿ ನಗುತ್ತಿದ್ದರು. ಶುರುವಾಗುವುದೇ ನಿಧಾನ, ಅದಕ್ಕೇ ಬೆಳಿಗ್ಗೆ ಒಮ್ಮೆ ತೆರೆದವರು ಮುಚ್ಚುತ್ತಿರಲಿಲ್ಲ. 2009ರ 23ನೇ ಆವೃತ್ತಿಯಿಂದ ಅದನ್ನು ಹಿನ್ನೆಲೆಯಲ್ಲಿ ಓಡಿಸಿಟ್ಟು, ಬೇಕಾದಾಗ ಕಿಟಕಿ ಮಾತ್ರ ತೆರೆಯುವ ವ್ಯವಸ್ಥೆಯೂ ಬಂತು. ಅವರ ಕಷ್ಟಕ್ಕೆ ಅವರು ಕಂಡುಕೊಂಡ ದಾರಿ. ನನಗೆ ಆ ಕಷ್ಟವೇ ಇಲ್ಲ, ದಾರಿ ಯಾಕೆ?

ನನ್ನ ಪದ್ಧತಿ: ಒಂದು ಕೆಲಸಕ್ಕೆ ಒಂದು ಟರ್ಮಿನಲ್. ಅಲ್ಲಿನ ಫೋಲ್ಡರು, ಎಡಿಟರು ಎಲ್ಲಾ ಆ ಕೆಲಸದ್ದೇ. ಮುಗಿದರೆ ಸೇವ್ ಮಾಡಿ ಮುಚ್ಚಿದೆ. ಒಂದು ಸಿಕ್ಕಿಹಾಕಿಕೊಂಡರೆ ಉಳಿದವು ನಡೆಯುತ್ತಿರುತ್ತವೆ. ಕಿರಿಕಿರಿ ಇಲ್ಲವೇ? ಇದೆ. ಒಂದರಲ್ಲಿ ಕಾಪಿ ಮಾಡಿದ್ದು ಇನ್ನೊಂದರಲ್ಲಿ ಪೇಸ್ಟ್ ಆಗುವುದಿಲ್ಲ, ಸಿಸ್ಟಮ್ ಕ್ಲಿಪ್‌ಬೋರ್ಡ್ ಸುತ್ತಿ ಬರಬೇಕು. ಮುಚ್ಚಿದರೆ ಅನ್‌ಡು ಹೋಗುತ್ತದೆ. ಅದನ್ನು ಉಳಿಸುವ ಸೌಲಭ್ಯ 2010ರ 7.3ನೇ ಆವೃತ್ತಿಯಿಂದಲೂ ಇದೆ, ಆದರೆ ನಾವೇ ಆನ್ ಮಾಡಿಕೊಳ್ಳಬೇಕು. ಸಮಾಧಾನ ಆಯ್ತಾ?

ನನಗೆ ನಿಜವಾಗಿ ಸಿಟ್ಟು ಬಂದದ್ದು ಒಂದು ದಾಲ್ ಮಿಲ್ಲಿನಲ್ಲಿ. ತೊಗರಿ ಸುಗ್ಗಿ, ಆವಕ ಜೋರಿತ್ತು. ತೂಕದ ಚೀಟಿಯಿಂದ ಬಿಲ್ಲು ಮಾಡುವ ಸ್ಕ್ರಿಪ್ಟ್ ಒಂದಿದೆ. ಖಾಲಿ ಚೀಲದ ತೂಕ ಕಳೆಯುವ ಲೆಕ್ಕ ಬದಲಾಗಿತ್ತು, ನಾನು ಸರ್ವರ್‌ಗೆ ಹೋಗಿ ತಿದ್ದುತ್ತಿದ್ದೆ. ಅದೇ ಹೊತ್ತಿಗೆ ಮಿಲ್ಲಿನ ಕಂಪ್ಯೂಟರ್ ಹುಡುಗ ತನ್ನ ಟೇಬಲ್‌ನಿಂದ ಅದೇ ಫೈಲು ತೆರೆದ. ವಿಮ್ ಎಚ್ಚರಿಸಿತು: ಇ325, ಈ ಫೈಲು ಈಗಾಗಲೇ ಯಾರೋ ತೆರೆದಿದ್ದಾರೆ. ಅವನು ಓದದೆ "ಆದರೂ ತಿದ್ದು" ಅನ್ನುವುದನ್ನು ಒತ್ತಿದ. ನಾನು ಸೇವ್ ಮಾಡಿ ಹೊರಬಂದೆ. ಆಮೇಲೆ ಅವನು ಸೇವ್ ಮಾಡಲು ಹೋದಾಗ ವಿಮ್ ಮತ್ತೆ ಕೇಳಿತು: ನೀವು ಓದಿದ ಮೇಲೆ ಫೈಲು ಬದಲಾಗಿದೆ, ನಿಜವಾಗಿಯೂ ಬರೆಯಲೇ? ಅದಕ್ಕೂ ಹೂಂ ಅಂದ. ಮರುದಿನ ಎಲ್ಲಾ ಬಿಲ್ಲಿನಲ್ಲೂ ಹಳೇ ಚೀಲದ ತೂಕ.

ಮಾಲೀಕರು ಹೇಳಿದ್ದು: "ಸರ, ನೀವು ಹತ್ತ್ ಹತ್ತ್ ಎಡಿಟರ್ ತೆಗಿತೀರಿ, ಅದಕ್ಕೇ ಹಿಂಗ ಆಗ್ಯಾದ."

ಅವತ್ತು ನಾನು ತೆರೆದಿದ್ದು ಒಂದೇ ಒಂದು!

ನಾನು ಈಮ್ಯಾಕ್ಸ್‌ನವನಾಗಿ, ತಿಂಗಳಿಂದ ಒಂದನ್ನೇ ತೆರೆದಿಟ್ಟಿದ್ದರೂ ಇದೇ ಆಗುತ್ತಿತ್ತು. ಅದೂ ತಿದ್ದುತ್ತಿರುವ ಫೈಲಿನ ಪಕ್ಕ ಒಂದು ಗುರುತು ಇಡುತ್ತದೆ. ಎರಡನೆಯವರು ಈಮ್ಯಾಕ್ಸ್‌ನಿಂದಲೇ ಬಂದು ಕೈ ಹಾಕಿದರೆ "ಕಸಿದುಕೊಳ್ಳಲೇ, ಹಾಗೇ ಮುಂದುವರಿಯಲೇ, ಬಿಡಲೇ" ಅಂತ ಕೇಳುತ್ತದೆ. ಕಸಿದುಕೋ ಅನ್ನುವವನಿಗೆ ಯಾವ ಎಡಿಟರ್ ಏನು ಮಾಡೀತು?

ಎಷ್ಟು ಎಡಿಟರ್ ತೆರೆದಿದೆ ಅಂತ ಎಲ್ಲರೂ ಎಣಿಸುತ್ತಾರೆ. ಈ ಒಂದು ಫೈಲು ಎಷ್ಟು ಕಡೆ ತೆರೆದಿದೆ ಅಂತ ಕೇಳಿದವರು ಇಲ್ಲ. ಅದನ್ನು ಕೇಳಿ, ಚಹಾ ಕುಡಿಸಿ ಹೇಳುತ್ತೇನೆ.

ವಿಮ್ ಫೈಲಿನ ಪಕ್ಕದಲ್ಲೇ ಕಣ್ಣಿಗೆ ಕಾಣದ ಸ್ವಾಪ್ ಫೈಲು ಇಡುತ್ತದೆ (ಈಮ್ಯಾಕ್ಸ್ ಜೋಕಿನ ಸ್ವಾಪ್ ಬೇರೆ). 200 ಅಕ್ಷರ ಹೊಡೆದ ಮೇಲೆ, ಇಲ್ಲವೇ 4 ಸೆಕೆಂಡು ಕೈ ನಿಂತರೆ, ನಿಮ್ಮ ಬದಲಾವಣೆ ಅದರೊಳಗೆ ಬರೆಯುತ್ತದೆ. ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟರೂ ಹೋಗುವುದು ಒಂದೆರಡು ಸಾಲು ಅಷ್ಟೇ. ಸರ್ವರ್‌ನಲ್ಲಿ ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ನಡೆಸುತ್ತಿರುವ ಪ್ರೋಗ್ರಾಮು) ಒಳಗೆ ತೆರೆದಿದ್ದರಂತೂ ನಿಮ್ಮ ಮನೆಯ ಕರೆಂಟು ಹೋದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಈ ಸ್ವಾಪ್ ಫೈಲು ಕಂಡು ಆ ಇ325 ಎಚ್ಚರಿಕೆ ಬಂದಾಗ ಮೇಲಿನ ಸಾಲು ಓದಿ. ಯಾವ ಬಳಕೆದಾರ, ಯಾವ ಪ್ರೋಸೆಸ್ ನಂಬರು ಅಂತ ಇರುತ್ತದೆ. ಪಕ್ಕದಲ್ಲಿ "ಇನ್ನೂ ಓಡುತ್ತಿದೆ" ಅಂತ ಇದ್ದರೆ ಯಾರೋ ಒಳಗಿದ್ದಾರೆ. ಹೊರಗೆ ಬನ್ನಿ, ಫೋನ್ ಮಾಡಿ ಕೇಳಿ. ಹಾಗೆ ಇಲ್ಲದಿದ್ದರೆ ಕರೆಂಟು ಹೋದಾಗ ಉಳಿದದ್ದು ಇರಬೇಕು. ರಿಕವರ್ ಒತ್ತಿ, ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮೂಲದ ಜೊತೆ ಹೋಲಿಸಿ. ಸರಿ ಇದ್ದರೆ ಹಳೇ ಸ್ವಾಪ್ ಫೈಲು ನಿಮ್ಮ ಕೈಯಾರೆ ಅಳಿಸಿ. ಇದನ್ನು ಮಾತ್ರ ಮರೆಯಬೇಡಿ. ಅಳಿಸದಿದ್ದರೆ ಅದೇ ಎಚ್ಚರಿಕೆ ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ, ಆಮೇಲೆ ಓದದೆ ಒತ್ತುವ ಚಟ ಹತ್ತುತ್ತದೆ. ಮಿಲ್ಲಿನ ಹುಡುಗನಿಗೆ ಹತ್ತಿದ್ದೂ ಹೀಗೇ. ಆಮೇಲೆ ನೋಡಿದರೆ ಆ ಫೋಲ್ಡರ್ ತುಂಬಾ ಹಳೇ ಸ್ವಾಪ್ ಫೈಲುಗಳೇ ಬಿದ್ದಿದ್ದವು.