ಪೆಗ್ಗಿಗೆ ಮುಂಚೆ ಅಳತೆ, ದುಡ್ಡಿಗೆ ಮುಂಚೆ ಬಿಲ್ಲು

ನಮ್ಮೂರ ಬಾರ್ ಅಂಡ್ ರೆಸ್ಟೋರೆಂಟ್‌ಗಳಲ್ಲಿ ಬೇಜಾರು ಶುರುವಾಗೋದು ಪೆಗ್ಗಿನಿಂದಲೇ. ಸ್ಮಾಲ್ ಅಂದರೆ 30 ಎಂಎಲ್, ಲಾರ್ಜ್ ಅಂದರೆ 60. ಕೌಂಟರಿನ ಹಿಂದೆ ಸುರಿದು, ಐಸು ಸೋಡಾ ಹಾಕಿಯೇ ತಂದರೆ ಅಳತೆ ಗೊತ್ತಾಗುವುದಿಲ್ಲ. ಟೇಬಲ್ಲಿನಲ್ಲೇ ಅಳೆದು ಸುರಿಯಲು ಹೇಳಿ, ಸೋಡಾ ಬೇರೆ ತರಿಸಿ. ಇಬ್ಬರು ಮೂವರಿದ್ದರೆ ಸೀಲ್ ಒಡೆಯದ ಕ್ವಾರ್ಟರೇ ವಾಸಿ: 180 ಎಂಎಲ್, ಸರಿಯಾಗಿ ಮೂರು ಲಾರ್ಜ್.

ಬಿಯರ್ ತಣ್ಣಗಿಲ್ಲ ಅಂದರೆ ಆಗಷ್ಟೇ ಫ್ರಿಜ್ಜಿಗೆ ಇಟ್ಟಿದ್ದಾರೆ ಅಂತ. ಮುಚ್ಚಳ ತೆಗೆಯುವ ಮುಂಚೆ ಬಾಟಲಿ ಮುಟ್ಟಿ ನೋಡಿ, ಆಮೇಲೆ ವಾಪಸ್ ತಗೊಳ್ಳಲ್ಲ.

ಕಬಾಬ್ ಕೆಂಡದಂತೆ ಕೆಂಪಗಿದ್ದರೆ ಅನುಮಾನ ಪಡಿ. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಹೊರಗೆ ಕಪ್ಪು, ಮೂಳೆ ಹತ್ತಿರ ಹಸಿ ಇದ್ದರೆ ಎಣ್ಣೆ ಅತಿಯಾಗಿ ಕಾದಿತ್ತು, ಇಲ್ಲವೇ ಕೋಳಿಯ ಐಸು ಪೂರ್ತಿ ಬಿಟ್ಟಿರಲಿಲ್ಲ.

ನಿಜವಾದ ಕಿರಿಕಿರಿ ಬಿಲ್ಲಿನದು. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಮಾಮೂಲಿ ರೆಸ್ಟೋರೆಂಟಿನಲ್ಲಿ ಊಟಕ್ಕೆ 5%. ಊಟದ್ದು 600, ಮದ್ಯದ್ದು 1,400 ಆದರೆ ಜಿಎಸ್‌ಟಿ 30 ರೂಪಾಯಿ; 100 ಹಾಕಿದ್ದರೆ ಒಟ್ಟು ಮೊತ್ತದ ಮೇಲೆ ಲೆಕ್ಕ ಮಾಡಿದ್ದಾರೆ. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. 2022ರ ಕೇಂದ್ರ ಮಾರ್ಗಸೂಚಿ ಪ್ರಕಾರ ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ತೆಗೆಸಿ. ತೆಗೆಯದಿದ್ದರೆ ಬಿಲ್ಲಿನ ಫೋಟೋ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೈಬರಹದ ಚೀಟಿ ಕೊಟ್ಟರೆ ಮೊದಲು ಪ್ರಿಂಟ್ ಬಿಲ್ ಕೇಳಿ, ದುಡ್ಡು ಆಮೇಲೆ.