ಹಾರ್ವರ್ಡನ್ನು ಸೋಲಿಸಿದ ರೈತರ ಕಾಲೇಜು: ಆಮ್‌ಹರ್ಸ್ಟ್‌ಗೆ ಹೋಗುವವರಿಗೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಊರಿಗೆ ಹೋಗುವುದಾದರೆ ಅಕ್ಟೋಬರ್‌ನ ವಾರಾಂತ್ಯ ಬಿಟ್ಟು ಹೋಗಿ. ಬಣ್ಣದ ಎಲೆ ನೋಡಲು ಬರುವವರ ಜಾತ್ರೆ ಒಂದು ಕಡೆ, ಹಾಸ್ಟೆಲ್‌ನಲ್ಲಿರುವ ಮಕ್ಕಳನ್ನು ನೋಡಲು ಬರುವ ತಂದೆತಾಯಂದಿರು ಇನ್ನೊಂದು ಕಡೆ. ಹೆದ್ದಾರಿ ಬದಿಯ ಮೋಟೆಲ್‌ನವನು ವಾರದ ಮಧ್ಯದ ಬಾಡಿಗೆಯ ಮೂರು ಪಟ್ಟು ಕಿತ್ತುಕೊಂಡ. ಕೊಟ್ಟ ಕೋಣೆಯ ಹೀಟರ್ ರಾತ್ರಿಯಿಡೀ ಗಡಗಡ ಎನ್ನುತ್ತಿತ್ತು, ಕಿಟಕಿ ತೆರೆದರೆ ಕಸದ ತೊಟ್ಟಿ. ಬೇರೆ ಕೋಣೆ ಕೇಳಿದ್ದಕ್ಕೆ ‘ಇಷ್ಟವಿಲ್ಲದಿದ್ದರೆ ಹೊರಡಿ’ ಎಂದುಬಿಟ್ಟ. ನನಗೆ ಜನಜಂಗುಳಿ ಆಗದು. ನಿಮಗೂ ಹಾಗಿದ್ದರೆ ಮಂಗಳವಾರವೋ ಬುಧವಾರವೋ ಸರಿ.

ಬಾಸ್ಟನ್ನಿನ ಮಕ್ಕಳ ಮನೆಗೆ ಬರುವ ನಮ್ಮವರು ಹಾರ್ವರ್ಡ್ ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು ತೃಪ್ತರಾಗುತ್ತಾರೆ. ಅಮೆರಿಕದ ಕಾಲೇಜು ಹುಡುಗರು ಆಟಕ್ಕೆ ಇಳಿದ ಕಥೆ ತಿಳಿಯಬೇಕಾದರೆ ಪಶ್ಚಿಮಕ್ಕೆ, ಕನೆಕ್ಟಿಕಟ್ ನದಿಯ ಕಣಿವೆಗೆ ಬರಬೇಕು. ಆಮ್‌ಹರ್ಸ್ಟ್ ಕಾಲೇಜಿನಲ್ಲಿ 1861ರಿಂದ ಎಡ್ವರ್ಡ್ ಹಿಚ್‌ಕಾಕ್ ಎಂಬ ವೈದ್ಯರು ವ್ಯಾಯಾಮವನ್ನೂ ಒಂದು ಪಾಠವಾಗಿಯೇ ನಡೆಸಿದರು. ಓದಿ ಓದಿ ಹುಡುಗರ ಆರೋಗ್ಯ ಕೆಡುತ್ತಿದೆ ಎಂಬ ಆತಂಕವೇ ಅದಕ್ಕೆ ಕಾರಣ. ಪಿಯಾನೊ ತಾಳಕ್ಕೆ ಮರದ ಡಂಬೆಲ್ ಹಿಡಿದು ಕವಾಯತು, ಜೊತೆಗೆ ಪ್ರತಿಯೊಬ್ಬ ಹುಡುಗನ ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲ ದಾಖಲೆಗೆ! ಅವರ ಬ್ಯಾರೆಟ್ ಜಿಮ್ ಕಟ್ಟಡ ಇಂದಿಗೂ ಇದೆ. ಅದರ ಮುಂದೆ ತುಸು ಹೊತ್ತು ನಿಲ್ಲಿ.

ಅದಕ್ಕೂ ಮುಂಚೆ, 1859ರ ಜುಲೈ 1ರಂದು, ಇದೇ ಕಾಲೇಜು ಪಿಟ್ಸ್‌ಫೀಲ್ಡ್‌ನಲ್ಲಿ ವಿಲಿಯಮ್ಸ್ ಕಾಲೇಜನ್ನು 73–32ರಿಂದ ಸೋಲಿಸಿತ್ತು. ಅಮೆರಿಕದ ಮೊದಲ ಅಂತರ ಕಾಲೇಜು ಬೇಸ್‌ಬಾಲ್ ಪಂದ್ಯ ಅದು. ಒಂದೊಂದು ತಂಡದಲ್ಲಿ ಹದಿಮೂರು ಜನ. ಓಡುವವನಿಗೆ ಚೆಂಡು ಎಸೆದು ತಾಗಿಸಿದರೆ ಔಟ್, ನಮ್ಮ ಲಗೋರಿಯ ಹಾಗೆ. ಮರುದಿನ ಚೆಸ್‌ನಲ್ಲೂ ಇವರದೇ ಗೆಲುವು.

ಬಸ್ಸಿನ ವಿಷಯ. ಇಲ್ಲಿನ ಊರುಗಳ ನಡುವಿನ ಬಸ್ಸುಗಳು ಕಾಲೇಜಿನ ಪಂಚಾಂಗ ನೋಡಿಕೊಂಡು ಓಡುತ್ತವೆ. ರಜೆ ಬಂದರೆ ಅರ್ಧಕ್ಕರ್ಧ ಇಲ್ಲ. ನದಿಯ ಆಚೆ ದಡದ ಊರು ನಾರ್ತಾಂಪ್ಟನ್‌ನ ನಿಲ್ದಾಣದಲ್ಲಿ ಅಂಟಿಸಿದ್ದ ವೇಳಾಪಟ್ಟಿ ಹಳೆಯದು, ಕೊನೆಗೆ ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನದಿ ದಾಟಿ ಹ್ಯಾಡ್ಲಿ ಬರುವಷ್ಟರಲ್ಲಿ ರೂಟ್ 9ರಲ್ಲಿ ವಾಹನಗಳು ಆಮೆಯಂತೆ ತೆವಳುತ್ತಿದ್ದವು. ಮೊಬೈಲಿನಲ್ಲಿ ಆ ದಿನದ ಸಮಯ ನೋಡಿಯೇ ಹೊರಡಿ.

ಊಟಕ್ಕೆ ಮಾತ್ರ ಎರಡನೇ ಮಾತಿಲ್ಲದೆ ಆಮ್‌ಹರ್ಸ್ಟ್‌ನಲ್ಲೇ ಇರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡೈನಿಂಗ್ ಹಾಲ್. ಹೊರಗಿನವರೂ ಬಾಗಿಲಲ್ಲಿ ಕಾರ್ಡ್ ಕೊಟ್ಟು ಒಳಗೆ ಹೋಗಬಹುದು, ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಹಸಿರು ಬೀನ್ಸ್, ಬೇಳೆಯ ಸೂಪು, ಬಿಸಿ ಅನ್ನ, ಕಡಲೆಕಾಳಿನ ಸಾರು, ಆಗತಾನೆ ಕೊಯ್ದಂತಿದ್ದ ಸೇಬು. ಸಸ್ಯಾಹಾರಿಗಳು ಇಲ್ಲಿ ಅಡುಗೆಯವರನ್ನು ಬೇಡಿಕೊಳ್ಳಬೇಕಿಲ್ಲ, ಏನೇನಿದೆ ಎಂದು ಪಾತ್ರೆಯ ಮುಂದೆಯೇ ಬರೆದಿರುತ್ತಾರೆ. ಊರ ನಡುವಿನ ರೆಸ್ಟೋರೆಂಟಿನಲ್ಲಿ ಒಂದು ಸ್ಯಾಂಡ್‌ವಿಚ್ಚಿಗೂ ಕಾಫಿಗೂ ಕೊಟ್ಟ ಹಣದಲ್ಲಿ ಇಲ್ಲಿ ಹೊಟ್ಟೆ ಬಿರಿಯುವಷ್ಟು ಉಂಡೆವು. ಮಧ್ಯಾಹ್ನ ತರಗತಿ ಬಿಡುವ ಹೊತ್ತು ತಪ್ಪಿಸಿ ಹೋಗಿ.

ಇದೇ ವಿಶ್ವವಿದ್ಯಾಲಯ 1863ರಲ್ಲಿ ಕೃಷಿ ಕಾಲೇಜಾಗಿ ಹುಟ್ಟಿದ್ದು. ಹುಡುಗರು ಪಾಠದ ಜೊತೆ ಹೊಲದಲ್ಲೂ ದುಡಿಯಬೇಕಿತ್ತು. ಆ ರೈತ ಹುಡುಗರು 1871ರ ಜುಲೈನಲ್ಲಿ ಕನೆಕ್ಟಿಕಟ್ ನದಿ ದಂಡೆಯ ಇಂಗಲ್‌ಸೈಡ್‌ನ ದೋಣಿ ಸ್ಪರ್ಧೆಯಲ್ಲಿ ಹಾರ್ವರ್ಡ್ ಮತ್ತು ಬ್ರೌನ್ ಎರಡನ್ನೂ ಹಿಂದೆ ಹಾಕಿದರು. ನನ್ನ ಮಟ್ಟಿಗೆ ಈ ಕಣಿವೆಯ ಅತಿ ದೊಡ್ಡ ಕಥೆ ಇದೇ. ಇಂಗಲ್‌ಸೈಡ್‌ಗೆಂದೇ ಪ್ರತ್ಯೇಕವಾಗಿ ಹೋಗಬೇಡಿ, ಅಲ್ಲೀಗ ದೊಡ್ಡ ಮಾಲ್ ಇದೆ.

ಸಮಯ ಉಳಿದರೆ ನಾರ್ತಾಂಪ್ಟನ್‌ನ ಸ್ಮಿತ್ ಕಾಲೇಜು. 1893ರಲ್ಲಿ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್‌ಸನ್ ಇಲ್ಲಿನ ಹುಡುಗಿಯರಿಂದ ಬಾಸ್ಕೆಟ್‌ಬಾಲ್ ಪಂದ್ಯ ಆಡಿಸಿದರು. ಅಂಕಣವನ್ನು ಮೂರು ಭಾಗ ಮಾಡಿ, ಕೈಯಿಂದ ಚೆಂಡು ಕಸಿಯಬಾರದೆಂಬ ನಿಯಮ ತಂದವರೂ ಅವರೇ. ಆ ಪಂದ್ಯ ನಡೆದ ಜಿಮ್ ಕಟ್ಟಡವನ್ನು ಜಾಗ ಬದಲಿಸಿ ಉಳಿಸಿಕೊಂಡಿದ್ದಾರೆ. ಹಳೆಯ ಫೋಟೊಗಳು ಬೇಕಿದ್ದರೆ ದಾಖಲೆ ವಿಭಾಗಕ್ಕೆ ಮೊದಲೇ ಬರೆಯಿರಿ. ಜೇಮ್ಸ್ ನೈಸ್ಮಿತ್ 1891ರಲ್ಲಿ ಈ ಆಟ ಕಟ್ಟಿದ ಸ್ಪ್ರಿಂಗ್‌ಫೀಲ್ಡ್ ದಕ್ಷಿಣಕ್ಕೆ ಹತ್ತಿರವೇ ಇದೆ. ಬಾಸ್ಟನ್‌ಗೆ ಮರಳುವ ಬಸ್ಸನ್ನು ಅಲ್ಲಿಂದಲೇ ಹಿಡಿದರೆ ಸುತ್ತು ಬಳಸು ತಪ್ಪುತ್ತದೆ.